ಖಾಲಿ ಕುರ್ಚಿಗೆ ತಂಪು ಗಾಳಿ

ಕೆಲಸಕ್ಕೆ ಸೇರಿದ ಮೊದಲ ದಿನ ನಮ್ಮ ಬಡೇಬಾಬು ಅಂಗಿಯ ಜೇಬಿಗೆ ಕೈ ಹಾಕಿ ಒಂದು ಈರುಳ್ಳಿ ತೆಗೆದು, ನಾನು ಸಹಿ ಹಾಕಬೇಕಿದ್ದ ಹಾಜರಿ ಪುಸ್ತಕದ ಮೇಲಿಟ್ಟರು. ಸಿಪ್ಪೆ ಸಮೇತ ಇದ್ದ, ನಿಂಬೆಹಣ್ಣಿನಷ್ಟು ದಪ್ಪದ ಕೆಂಪು ಈರುಳ್ಳಿ. ಬಡೇಬಾಬು ಎಂದರೆ ಇಲ್ಲಿ ಕಚೇರಿಯ ಹೆಡ್ ಕ್ಲಾರ್ಕು. ಮೈಸೂರಿನಲ್ಲಿ ನಾನಿದ್ದ ಕಾಲೇಜಿನ ಹೆಡ್ ಕ್ಲಾರ್ಕು ಜೇಬಿನಲ್ಲಿ ನಶ್ಯದ ಡಬ್ಬಿ ಇಟ್ಟುಕೊಳ್ಳುತ್ತಿದ್ದರು. ಅದು ನನಗೆ ಅರ್ಥವಾಗುತ್ತಿತ್ತು. ಈ ಈರುಳ್ಳಿಯನ್ನು ಏನು ಮಾಡಬೇಕೆಂದು ತಿಳಿಯದೆ ನಿಂತೆ. ಅವರು ಅದನ್ನು ನನ್ನ ಕಡೆಗೆ ತಳ್ಳಿ, "ಪರ್ಸಿನಲ್ಲಿ ಇಟ್ಕೊಳ್ಳಿ ತಾಯಿ, ಝಳ ಬಡಿಯೋದಿಲ್ಲ" ಎಂದು ಮರಾಠಿಯಲ್ಲಿ ಹೇಳಿದರು. ನನ್ನ ತಂದೆಯ ವಯಸ್ಸಿನವರು ನನ್ನನ್ನು ತಾಯಿ ಎಂದರಲ್ಲ ಎಂದು ಇನ್ನಷ್ಟು ಗಲಿಬಿಲಿಯಾಯಿತು. ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ ಎಂದು ಸಂಜೆ ಯಾರೋ ಹೇಳಿದರು. ಈರುಳ್ಳಿ ಮಾತ್ರ ಪರ್ಸಿನಲ್ಲೇ ಉಳಿಯಿತು. ಮೇ ತಿಂಗಳಲ್ಲಿ ನಾಗಪುರದ ಅರ್ಧ ಜನ ಜೇಬಿನಲ್ಲಿ ಈರುಳ್ಳಿ ಇಟ್ಟುಕೊಂಡೇ ಬೀದಿಗಿಳಿಯುತ್ತಾರೆ.

ನನ್ನ ಗಂಡನಿಗೆ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಕೆಲಸ. ಎಂಬತ್ತರ ದಶಕದ ಆರಂಭದಲ್ಲಿ ವರ್ಗವಾಗಿ ಬಂದಾಗ ಕ್ವಾರ್ಟರ್ಸ್ ಸಿಗಲಿಲ್ಲ. ಅಮರಾವತಿ ರಸ್ತೆಯ ವಾಡಿ ಎಂಬ ಬಡಾವಣೆಯಲ್ಲಿ, ಲಾರಿ ಟೈರಿನ ಅಂಗಡಿಯ ಮೇಲೆ ಎರಡು ಕೋಣೆ ಹಿಡಿದೆವು. ಲಾರಿಗಳ ಹಾರ್ನಿಗೆ ಹೊತ್ತುಗೊತ್ತಿಲ್ಲ. ಛಾವಣಿ ಹಗಲೆಲ್ಲ ಕಾದು ಹೆಂಚಾಗಿ, ಕತ್ತಲಾದ ಮೇಲೆ ಆ ಬಿಸಿಯನ್ನು ನಮ್ಮ ಮೇಲೆ ಸುರಿಯುತ್ತಿತ್ತು. ಹಾಗಾಗಿ ಬೇಸಿಗೆಯಲ್ಲಿ ಓಣಿಯ ಜನವೆಲ್ಲ ತಾರಸಿಗೆ ನೀರು ಹೊಡೆದು ಅಲ್ಲೇ ಹಾಸಿಗೆ ಹಾಸುತ್ತಾರೆ. ಪಕ್ಕದ ತಾರಸಿಯ ಗಂಡಸರ ಗೊರಕೆ ಕೇಳಿಸುವಂತೆ ಬಯಲಲ್ಲಿ ಮಲಗುವುದು ನನ್ನ ಕೈಲಾಗದ ಕೆಲಸ ಎಂದು ಹಟ ಮಾಡಿ, ಒಂದು ವಾರ ಕೋಣೆಯೊಳಗೇ ಬೆಂದೆ. ಆಮೇಲೆ ನಾನೇ ಎಲ್ಲರಿಗಿಂತ ಮೊದಲು ಚಾಪೆ ಹಿಡಿದು ಮೆಟ್ಟಿಲು ಹತ್ತತೊಡಗಿದೆ.

ಕನ್ನಡ ಮಾತಾಡಲು ಸಿಕ್ಕವರು ಕೆಳಗಿನ ಓಣಿಯ ಶಾಂತಕ್ಕ. ರೈಲ್ವೆಯವರ ಹೆಂಡತಿ, ಬಿಜಾಪುರದವರು. ಅವರ ಕನ್ನಡ ನನಗೆ ಅರ್ಧ, ನನ್ನ ಕನ್ನಡ ಅವರಿಗೆ ಮುಕ್ಕಾಲು ತಿಳಿಯುತ್ತಿತ್ತು. "ನಿಮ್ಮ ಮಾತು ಭಾಳ ಮೆತ್ತಗ ಅದ ನೋಡ್ರಿ, ಇಲ್ಲಿ ಆಟೋದಾಂವ ನಿಮ್ಮ ಮಾತ ಕೇಳಂಗಿಲ್ಲ" ಎಂದು ನಗುತ್ತಿದ್ದರು. ಜೋಳದ ರೊಟ್ಟಿ ತಟ್ಟುವುದನ್ನು ಅವರಿಂದಲೇ ಕಲಿತೆ. ರಾಗಿ ಎಲ್ಲೂ ಸಿಗುತ್ತಿರಲಿಲ್ಲ. ಬೆಳಗಿನ ತಿಂಡಿಗೆ ಅವಲಕ್ಕಿಯ ಮೇಲೆ ಉರಿಯುವ ಕೆಂಪು ಸಾರು ಸುರಿದು ಕೊಡುವ ಊರಿದು. ಮೊದಲ ಸಲ ತಿಂದಾಗ ಅತ್ತೇಬಿಟ್ಟೆ. ನನ್ನ ಮಗಳು ಸ್ಮಿತಾ ಮಾತ್ರ ಎರಡನೇ ತಿಂಗಳಿಗೇ ಅದನ್ನು ಚಪ್ಪರಿಸಿ, ಮರಾಠಿಯಲ್ಲಿ ಇನ್ನಷ್ಟು ಕೇಳತೊಡಗಿದಳು.

ಇಲ್ಲಿನ ವಿಶ್ವವಿದ್ಯಾಲಯದಲ್ಲಿ ನನಗೆ ಸಿಕ್ಕಿದ್ದು ಸಂಶೋಧನಾ ಅನುದಾನದ ವಿಭಾಗ. ಕೆಲಸ ಹೇಳುವುದಕ್ಕೆ ಸುಲಭ. ಅಧ್ಯಾಪಕರು ಸಂಶೋಧನೆಗೆ ಹಣ ಕೇಳಿ ದೆಹಲಿಗೆ ಬರೆಯುತ್ತಾರೆ. ಕೇಂದ್ರ ಸರ್ಕಾರ ಒಪ್ಪಿದರೆ ಹಣ ನಮಗೆ ಬರುತ್ತದೆ. ಯಾವ ಬಾಬ್ತಿಗೆ ಕೊಟ್ಟರೋ ಅದೇ ಬಾಬ್ತಿಗೆ ಖರ್ಚಾಯಿತೆಂದು ನಾವು ದೆಹಲಿಗೆ ತೋರಿಸಬೇಕು. ಗಾಜಿನ ಸಾಮಾನಿನ ಹಣದಲ್ಲಿ ಪುಸ್ತಕ ಕೊಳ್ಳುವಂತಿಲ್ಲ, ಪುಸ್ತಕದ ಹಣದಲ್ಲಿ ಬಸ್ಸು ಹತ್ತುವಂತಿಲ್ಲ. ವರ್ಷವಿಡೀ ಕಾಯಿಸಿದ ಹಣ ಫೆಬ್ರವರಿ ಕೊನೆಗೆ ಬಂದಿಳಿಯುತ್ತದೆ, ಮಾರ್ಚ್ ಮುಗಿಯುವುದರೊಳಗೆ ಖರ್ಚಾಗದಿದ್ದರೆ ವಾಪಸು ಹೋಗುತ್ತದೆ. ಹೋಳಿಯ ಬಣ್ಣ ಕಿವಿಯ ಹಿಂದೆ ಇನ್ನೂ ಇರುವಾಗಲೇ ಪ್ರಾಧ್ಯಾಪಕರು ನಮ್ಮ ಕೋಣೆಯ ಮುಂದೆ ಸಾಲುಗಟ್ಟುತ್ತಿದ್ದರು. ಏನು ಕೇಳಿದರೂ ಬಡೇಬಾಬುವಿನದು ಒಂದೇ ಉತ್ತರ, "ಬಘೂ ಯಾ". ನೋಡೋಣ ಎಂದರ್ಥ. ಮೈಸೂರಿನ ಕಚೇರಿಗಳಲ್ಲೂ ನೋಡೋಣ ಎನ್ನುತ್ತಾರೆ, ಆಗುವುದಿಲ್ಲ ಎಂದು ನಮಗೆ ಗೊತ್ತಾಗುತ್ತದೆ, ಎದ್ದು ಹೋಗುತ್ತೇವೆ. ಇಲ್ಲಿ ಬಘೂ ಯಾ ಎಂದ ಮೇಲೆ ಕೂರಿಸಿ ಚಹಾ ಕೊಡುತ್ತಾರೆ. ಚಹಾ ಕುಡಿದವರು ಕೆಲಸ ಆಗುತ್ತದೆಂದು ನಂಬಿ ಮನೆಗೆ ಹೋಗುತ್ತಾರೆ. ಈ ಚಹಾದ ಮೇಲೆ ನನಗೆ ಬಹಳ ಕೋಪವಿತ್ತು.

ಹಾಗೆ ಚಹಾ ಕುಡಿದು ಕುಡಿದು ಸಾಕಾದವರು ಪ್ರಾಣಿಶಾಸ್ತ್ರದ ಬೋರ್ಕರ್ ಮೇಡಂ. ಇಲ್ಲಿನ ಕಿತ್ತಳೆ ತೋಟಗಳಿಗೆ ಆಗ ಒಂದು ಕೆಟ್ಟ ಕೀಟ ಬಿದ್ದಿತ್ತು. ಅದು ಕೂತ ಎಲೆ, ಕಾಯಿ ಎಲ್ಲ ಮಸಿ ಬಳಿದಂತೆ ಕಪ್ಪಾಗುತ್ತಿತ್ತು. ಜನ ಅದನ್ನು ಕೋಳಶಿ ರೋಗ ಎನ್ನುತ್ತಿದ್ದರು, ಕೋಳಸಾ ಅಂದರೆ ಇದ್ದಿಲು. ಆ ಕೀಟದ ಮರಿಗಳನ್ನು ತಿಂದುಹಾಕುವ ಒಂದು ಜಾತಿಯ ಗುಲಗಂಜಿ ಹುಳುವನ್ನು ಪ್ರಯೋಗಾಲಯದಲ್ಲಿ ಸಾಕಿ, ಮಳೆ ಬಿದ್ದು ಗಿಡ ಚಿಗುರಿದಾಗ ತೋಟಕ್ಕೆ ಬಿಡುವುದು ಮೇಡಂ ಅವರ ಯೋಜನೆ. ಹುಳುಗಳನ್ನು ನೋಡಿಕೊಳ್ಳಲು ಸುಷಮಾ ಎಂಬ ಹುಡುಗಿಯಿದ್ದಳು, ಇದೇ ಕೆಲಸದ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ದಿನವೂ ಕನ್ಹಾನ್‌ನಿಂದ ಬಸ್ಸಿನಲ್ಲಿ ಬಂದು, ಜಾಳಿಗೆ ಬಟ್ಟೆ ಹೊದಿಸಿದ ಮರದ ಪೆಟ್ಟಿಗೆಗಳ ಮುಂದೆ ಮೊಣಕಾಲೂರಿ ಕೂರುತ್ತಿದ್ದಳು. ಅವಳ ಸೋದರಮಾವನ ಕಿತ್ತಳೆ ತೋಟವೂ ಕಪ್ಪಾಗಿತ್ತು.

ತೊಂದರೆ ಏನೆಂದರೆ, ಆ ಹುಳು ನಾಗಪುರದ ಮೇ ತಿಂಗಳನ್ನು ತಾಳುವುದಿಲ್ಲ. ಇದು ಮೇಡಂಗೆ ಗೊತ್ತಿತ್ತು, ಇಲ್ಲೇ ಹುಟ್ಟಿ ಬೆಳೆದವರು. ಅರ್ಜಿಯಲ್ಲಿ ಒಂದು ಕೂಲರ್ ಕೇಳಿದ್ದರು. ತಗಡಿನ ಪೆಟ್ಟಿಗೆ, ಮೂರು ಕಡೆ ನೀರಲ್ಲಿ ನೆನೆಯುವ ಲಾವಂಚದ ಬೇರಿನ ತಡಿಕೆ, ಒಳಗೊಂದು ಫ್ಯಾನು, ಅಷ್ಟೇ. ಇಲ್ಲಿ ಕಿರಾಣಿ ಅಂಗಡಿಯವನೂ ಇಟ್ಟುಕೊಂಡಿರುತ್ತಾನೆ. ದೆಹಲಿಯವರು ಉಳಿದದ್ದನ್ನೆಲ್ಲ ಮಂಜೂರು ಮಾಡಿ ಕೂಲರನ್ನು ಪಟ್ಟಿಯಿಂದ ಹೊಡೆದುಹಾಕಿದ್ದರು. ಅವರ ನಿಯಮದಲ್ಲಿ ರತ್ನಗಂಬಳಿ, ಸೋಫಾ, ಕಿಟಕಿ ಪರದೆ, ಕೂಲರ್ ಇವೆಲ್ಲ ಐಷಾರಾಮದ ಸಾಮಾನು. ಹುಳುಗಳು ಐಷಾರಾಮ ಕೇಳಿದವಂತೆ! ಮೊದಲ ಬೇಸಿಗೆಯಲ್ಲಿ ಎಲ್ಲ ಹುಳುಗಳೂ ಸತ್ತವು. ಸುಷಮಾ ಪೆಟ್ಟಿಗೆಗಳನ್ನು ತೊಳೆದು ಮರದ ನೆರಳಿಗೆ ಬೋರಲು ಹಾಕಿದ್ದನ್ನು ನಾನು ನೋಡಿದ್ದೆ.

ಎರಡನೇ ವರ್ಷ ದೆಹಲಿ ಸ್ಪಷ್ಟವಾಗಿ ಹೇಳಿತು. ಈ ಮಳೆಗಾಲದಲ್ಲಿ ಹುಳುಗಳನ್ನು ತೋಟಕ್ಕೆ ಬಿಡದಿದ್ದರೆ ಯೋಜನೆಯನ್ನು ಮುಚ್ಚಲಾಗುವುದು. ಯೋಜನೆ ಮುಚ್ಚಿದರೆ ಸುಷಮಾಳ ಫೆಲೋಶಿಪ್ ನಿಲ್ಲುತ್ತದೆ, ಅವಳ ಪಿಎಚ್.ಡಿ. ಅಲ್ಲಿಗೇ ಮುಗಿಯುತ್ತದೆ. ಮೇಡಂ ಹೊಸದಾಗಿ ಹುಳು ಸಾಕಿದರು, ನಾನು ಹೊಸದಾಗಿ ಕೂಲರ್ ಕೇಳಿದೆ. ಡಿಸೆಂಬರಿನಿಂದ ಬರೆದೆ. ಒಮ್ಮೆ ದೆಹಲಿಯವರು, ಬೆಂಗಳೂರಿನಲ್ಲೂ ಇಂಥದೇ ಹುಳು ಸಾಕುತ್ತಿದ್ದಾರೆ, ಅವರು ಕೂಲರ್ ಕೇಳಿಲ್ಲವಲ್ಲ ಎಂದು ಉತ್ತರಿಸಿದರು. ಅದನ್ನು ಓದಿ ನಾನು ಜೋರಾಗಿ ನಕ್ಕೆ, ಆಮೇಲೆ ಮೈಯೆಲ್ಲ ಉರಿಯಿತು. ಬೆಂಗಳೂರಿನ ಹವೆ ಎಂಥದೆಂದು ಈ ಕಚೇರಿಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಅಲ್ಲಿ ಕೂಲರ್ ಯಾಕೆ ಬೇಡ, ಇಲ್ಲಿ ಯಾಕೆ ಬೇಕು ಎಂದು ಎರಡು ಪುಟ ಬರೆದೆ. ಬಿಟ್ಟು ಬಂದ ಸೀಮೆಯ ತಂಗಾಳಿಯನ್ನು ಸರ್ಕಾರಿ ಇಂಗ್ಲಿಷಿನಲ್ಲಿ ವರ್ಣಿಸಬೇಕಾಗಿ ಬಂತು. ಉತ್ತರ ಬರಲಿಲ್ಲ. ಏಪ್ರಿಲ್ ಬಂತು.

ಅದೇ ಸಮಯಕ್ಕೆ ಮೈಸೂರಿನಿಂದ ನನ್ನ ತಂಗಿ ಉಮಾಳ ಸೀಮಂತದ ಸುದ್ದಿ ಬಂತು. ಮದುವೆಯಾಗಿ ಏಳು ವರ್ಷದ ಮೇಲೆ ಬಸಿರಾದವಳು. ಮೇ ಮಧ್ಯದಲ್ಲಿ ಸೀಮಂತ. ಅಮ್ಮ ತೀರಿಕೊಂಡ ಮೇಲೆ ಅವಳ ತಲೆಗೆ ಹೂ ಮುಡಿಸಬೇಕಾದವಳು ನಾನೇ. ನನ್ನ ಗಂಡ ಮೂರು ಸಲ ಸ್ಟೇಷನ್ನಿಗೆ ಅಲೆದು ಬೆಂಗಳೂರಿನವರೆಗೆ ರಿಸರ್ವೇಶನ್ ಮಾಡಿಸಿದರು. ನಾನು ಇತವಾರಿ ಪೇಟೆಗೆ ಹೋಗಿ ಹಸಿರು ಸೀರೆ ತಂದೆ. ನಾಗಪುರಕ್ಕೆ ಬಂದ ಮೇಲೆ ಅಷ್ಟು ಖುಷಿಯಾಗಿ ನಾನು ಯಾವ ಪೇಟೆಯನ್ನೂ ಸುತ್ತಿರಲಿಲ್ಲ.

ಮೇ ಮೊದಲ ವಾರದಲ್ಲಿ ಸುಷಮಾ ಓಡಿ ಬಂದಳು. "ತಾಯಿ, ಬೆಳಿಗ್ಗೆಯಿಂದ ಸಾಯ್ತಾ ಇವೆ" ಎಂದಳು. ಹೋಗಿ ನೋಡಿದೆ. ಪೆಟ್ಟಿಗೆಗಳ ಮೇಲೆ ಒದ್ದೆ ಗೋಣಿಚೀಲ ಹೊದಿಸಿದ್ದಳು, ಹೊದಿಸಿದಷ್ಟು ಬೇಗ ಅವು ಒಣಗುತ್ತಿದ್ದವು. ಮೂಲೆಯ ಎರಡು ಪೆಟ್ಟಿಗೆಗಳಲ್ಲಿ ಒಂದು ಹುಳುವೂ ಅಲುಗುತ್ತಿರಲಿಲ್ಲ. ಮೇಡಂ ತಮ್ಮ ಮನೆಯ ಕೂಲರ್ ತರುತ್ತೇನೆಂದಿದ್ದರಂತೆ. ಪ್ರಯೋಗಾಲಯದ ಹಳೆಯ ವೈರಿಂಗು ಅದನ್ನು ತಾಳುವುದಿಲ್ಲ, ಖಾಸಗಿ ಸಾಮಾನಿಗಾಗಿ ಹೊಸ ವೈರು ಎಳೆಯುವುದಿಲ್ಲ ಎಂದು ಕಾಮಗಾರಿ ವಿಭಾಗ ತಡೆದಿತ್ತು.

ವಾಪಸು ಬರುವಾಗ ಹಣಕಾಸು ಅಧಿಕಾರಿಯ ಕೋಣೆಯನ್ನು ದಾಟಿ ಬಂದೆ. ಎಲ್ಲರೂ ಸಾಹೇಬ ಎಂದೇ ಕರೆಯುವ ಅವರು ಹಿಂದಿನ ದಿನವಷ್ಟೇ ಜೂನ್ ಮಧ್ಯದವರೆಗೆ ರಜೆ ಹಾಕಿ ಪುಣೆಯ ಮಗಳ ಮನೆಗೆ ಹೋಗಿದ್ದರು. ಬಾಗಿಲ ಸಂದಿಯಿಂದ ತಣ್ಣನೆ ಗಾಳಿ ಬರುತ್ತಿತ್ತು, ಅದರೊಂದಿಗೆ ಒದ್ದೆ ಲಾವಂಚದ ವಾಸನೆ. ನಮ್ಮ ಮನೆಯಲ್ಲಿ ಅಜ್ಜಿ ಕುಡಿಯುವ ನೀರಿನ ಹೂಜಿಗೆ ಲಾವಂಚ ಹಾಕುತ್ತಿದ್ದಳು, ಅದೇ ವಾಸನೆ. ಒಂದು ಕ್ಷಣ ಕಾಲು ಅಲ್ಲೇ ನಿಂತಿತು. ಒಳಗೆ ಇಣುಕಿದರೆ ನೀರು ತುಂಬುವವನು ಬಕೆಟ್ ಹಿಡಿದು ಕೂಲರಿಗೆ ನೀರು ಸುರಿಯುತ್ತಿದ್ದಾನೆ. ಸಾಹೇಬರ ಕುರ್ಚಿ ಖಾಲಿ.

"ಸಾಹೇಬರೇ ಇಲ್ಲವಲ್ಲ, ಕೂಲರ್ ಯಾಕೆ ಓಡ್ತಾ ಇದೆ?" ಎಂದು ಬಡೇಬಾಬುವನ್ನು ಕೇಳಿದೆ.

"ಮಂಜೂರಾಗಿದೆ ತಾಯಿ. ಅಧಿಕಾರಿಗಳ ಕೋಣೆಗೆ ಜೂನ್‌ವರೆಗೆ ಕೂಲರ್, ಲಾವಂಚ, ನೀರು ತುಂಬೋ ಆಳು, ಎಲ್ಲ ಮಂಜೂರು. ಈ ವರ್ಷ ನಿಲ್ಲಿಸಿದರೆ ಬೇಕಾಗಿರಲಿಲ್ಲ ಅಂತ ಮುಂದಿನ ವರ್ಷ ಕತ್ತರಿಸ್ತಾರೆ. ಆ ಆಳಿನ ಕೂಲಿಯೂ ಹೋಗುತ್ತೆ."

ಹೇಳಿದ್ದು ನ್ಯಾಯವಾಗಿಯೇ ಇತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಬದುಕಿರುವ ಹುಳುಗಳಿಗೆ ಇಲ್ಲದ ಗಾಳಿ ಒಂದು ಕುರ್ಚಿಗೆ ಬೀಸುತ್ತಿದೆ. "ಹಾಗಾದರೆ ಹುಳದ ಪೆಟ್ಟಿಗೆಗಳನ್ನು ಸಾಹೇಬರ ಕೋಣೆಯಲ್ಲಿ ಇಡೋಣ" ಎಂದೆ.

ಬಡೇಬಾಬು ಅಭ್ಯಾಸದಂತೆ "ಬಘೂ ಯಾ" ಎಂದು ಚಹಾಕ್ಕೆ ಕೂಗಿದರು.

"ಚಹಾ ಬೇಡ ಬಡೇಬಾಬು. ನಾಳೆ ಇನ್ನೆರಡು ಪೆಟ್ಟಿಗೆ ಸಾಯುತ್ತೆ. ಹೂಂ ಅಥವಾ ಉಹೂಂ, ಒಂದು ಹೇಳಿ."

ಆ ಕಚೇರಿಯಲ್ಲಿ ಯಾರೂ ಚಹಾ ಬೇಡವೆಂದಿರಲಿಲ್ಲವೇನೋ. ಅವರು ಜೇಬಿನ ಈರುಳ್ಳಿಯನ್ನು ತೆಗೆದು ಕೈಯಲ್ಲಿ ಹೊರಳಿಸಿದರು. ಆಮೇಲೆ ಹೇಳಿದರು: "ಹುಳ ಇಟ್ಟ ಮೇಲೆ ಆ ಕೋಣೆಯ ಬಾಗಿಲು ತೆಗೀಲಿಕ್ಕೆ, ಹಾಕಲಿಕ್ಕೆ ಬೀಗದ ಕೈ ನಮ್ಮ ವಿಭಾಗದ ನೌಕರರ ಹತ್ತಿರವೇ ಇರಬೇಕು. ಸುಷಮಾ ನೌಕರಳಲ್ಲ. ಮೇಡಂ ಬೇರೆ ವಿಭಾಗದವರು. ನನಗೆ ಪೆನ್ಶನ್ ಹತ್ತಿರ ಬಂದಿದೆ, ನಾನು ತಗೊಳ್ಳೋದಿಲ್ಲ. ನೀವು ತಗೊಳ್ಳಿ. ಆದರೆ ತಗೊಂಡ ಮೇಲೆ ಸಾಹೇಬರು ಬರೋತನಕ ರಜೆ ಇಲ್ಲ. ಬೆಳಿಗ್ಗೆ ನೀವೇ ತೆಗೀಬೇಕು, ಸಂಜೆ ನೀವೇ ಹಾಕಬೇಕು. ನಿಮ್ಮ ಟಿಕೆಟ್ ಆಗಿದೆ ಅಲ್ವಾ? ಯೋಚನೆ ಮಾಡಿ."

ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಇನ್ನೊಬ್ಬರಾರಾದರೂ ಕೀ ತೆಗೆದುಕೊಳ್ಳುತ್ತಾರೇನೋ ಎಂದು ಮೇಜಿನಿಂದ ಮೇಜಿಗೆ ಕೇಳಿಕೊಂಡು ಹೋದೆ. ಒಬ್ಬರಿಗೆ ಮದುವೆ ಮನೆ, ಒಬ್ಬರಿಗೆ ಸೊಂಟ ನೋವು, ಇನ್ನೊಬ್ಬರಿಗೆ ಹುಳುವೆಂದರೆ ಅಸಹ್ಯ. ಪ್ರಯೋಗಾಲಯದ ಜಗಲಿಯಲ್ಲಿ ಸುಷಮಾ ಗೋಣಿಚೀಲಗಳನ್ನು ಮತ್ತೆ ನೀರಿಗೆ ಅದ್ದುತ್ತಿದ್ದಳು. ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಬಹುಶಃ ಆಗುವುದಿಲ್ಲ ಎನ್ನುತ್ತಿದ್ದೆ. ಮರಳಿ ಹೋಗಿ ಬೀಗದ ಕೈ ತೆಗೆದುಕೊಂಡೆ.

ಶಾಂತಕ್ಕನಿಗೆ ಹೇಳಿದಾಗ ಅವರು ತಟ್ಟುತ್ತಿದ್ದ ರೊಟ್ಟಿಯನ್ನು ಹಾಗೇ ಬಿಟ್ಟರು. "ಅಲ್ರೀ, ಹುಳಕ್ಕ ಥಂಡಿ ಹವಾ ಬೇಕಂತ ತಂಗಿ ಕುಬಸ ಬಿಡ್ತೀರೇನ್ರಿ? ಯಾರರೆ ಕೇಳಿದ್ರ ನಗತಾರ!" ಅವರ ಕಡೆ ಸೀಮಂತಕ್ಕೆ ಕುಬಸ ಎನ್ನುತ್ತಾರೆ. ನಾನೂ ನಗಲು ನೋಡಿದೆ, ಆಗಲಿಲ್ಲ. ಅವರ ಒಲೆಯ ಮುಂದೆ ಕೂತು ಚೆನ್ನಾಗಿ ಅತ್ತೆ.

ಉಮಾಳಿಗೆ ಅಂಚೆ ಕಚೇರಿಯಿಂದ ಟ್ರಂಕ್ ಕಾಲ್ ಮಾಡಿದೆ. ಗೊರಗೊರ ಸದ್ದಿನ ನಡುವೆ ಎಲ್ಲವನ್ನೂ ಕಿರುಚಿ ಹೇಳಬೇಕಾಯಿತು. ಕೂಲರ್, ದೆಹಲಿ, ಬೀಗದ ಕೈ. ನನ್ನ ಹಿಂದೆ ಸರದಿಗೆ ನಿಂತವರೆಲ್ಲ ಕೇಳಿಸಿಕೊಂಡರು.

"ಹುಳಕ್ಕೋಸ್ಕರನಾ ಅಕ್ಕ?" ಎಂದಳು.

"ಒಂದು ಹುಡುಗಿಯ ಓದು ಕಣೇ, ಉಮಾ."

"ನಾನು ಯಾರು ಹಾಗಾದರೆ?"

ಅಲ್ಲಿಗೆ ಲೈನು ಹೋಯಿತು. ಹೋದದ್ದೋ, ಅವಳೇ ಇಟ್ಟಳೋ, ಇವತ್ತಿಗೂ ಕೇಳಿಲ್ಲ. ಹಸಿರು ಸೀರೆಯನ್ನು ನನ್ನ ಗಂಡ ಮತ್ತು ಸ್ಮಿತಾ ತೆಗೆದುಕೊಂಡು ಹೋದರು.

ಮೇ ತಿಂಗಳನ್ನು ನಾನು ಸಾಹೇಬರ ಕೋಣೆಯ ಸುತ್ತಲೇ ಕಳೆದೆ. ಗೋಡೆಯುದ್ದಕ್ಕೂ ಪೆಟ್ಟಿಗೆಗಳು, ನಡುವೆ ಸಾಹೇಬರ ಖಾಲಿ ಕುರ್ಚಿ. ನೀರು ತುಂಬುವವನು ಮೊದಲು ಗೊಣಗಿದ, ಆಮೇಲೆ ತಾನೇ ಪೆಟ್ಟಿಗೆಗಳ ಕಡೆಗೆ ಕೂಲರನ್ನು ತಿರುಗಿಸತೊಡಗಿದ. ಸುಷಮಾ ಕಪ್ಪು ಹಿಡಿದ ಕಿತ್ತಳೆ ಕೊಂಬೆಗಳನ್ನು ಮಾವನ ತೋಟದಿಂದ ತಂದು ಹುಳುಗಳ ಮೇವಿಗೆಂದು ಒಳಗಿಡುತ್ತಿದ್ದಳು. ಸೀಮಂತದ ದಿನ ನಾನು ಕೋಣೆಯ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದೆ. ಹೊರಗೆ ಬಿಸಿಗಾಳಿಗೆ ಕಾಗದ, ಧೂಳು ಸುತ್ತಿ ಹಾರುತ್ತಿದ್ದವು. ಈ ಹೊತ್ತಿಗೆ ಆರತಿ ಆಗಿರಬೇಕು, ಈಗ ಬಳೆ ತೊಡಿಸುತ್ತಿರಬೇಕು ಎಂದುಕೊಳ್ಳುತ್ತಾ ಹುಳುಗಳನ್ನು ಮನಸಾರೆ ಬೈದೆ. ಅವು ಎಲೆಯ ಮೇಲೆ ಹಾಯಾಗಿ ಓಡಾಡಿಕೊಂಡಿದ್ದವು.

ಜೂನ್‌ನಲ್ಲಿ ಸಾಹೇಬರು ಹೇಳಿದ್ದಕ್ಕಿಂತ ಒಂದು ವಾರ ಮೊದಲೇ ಬಂದರು. ಬಾಗಿಲು ತೆಗೆದವರು ಹೊಸ್ತಿಲಲ್ಲೇ ನಿಂತರು. ಅವರ ಮೇಜಿನ ಮೇಲೆ, ಅವರೇ ಸಹಿ ಮಾಡಬೇಕಿದ್ದ ಫೈಲಿನ ಅಂಚಿನಲ್ಲಿ ಒಂದು ಹುಳು ನಿಧಾನವಾಗಿ ನಡೆಯುತ್ತಿತ್ತು.

"ಕೋಣಾಲಾ ವಿಚಾರೂನ್?" ಯಾರನ್ನು ಕೇಳಿ ಮಾಡಿದಿರಿ ಎಂದು ಕೂಗಿದರು. ನಾನು ಮೊದಲಿನಿಂದ ಹೇಳಿದೆ. ಅವರು ಪೂರ್ತಿ ಕೇಳಲಿಲ್ಲ. "ನಿಮ್ಮ ಮೈಸೂರಲ್ಲಿ ಹೀಗೆಲ್ಲ ನಡೀಬಹುದು. ಇದು ನಾಗಪುರ. ಹೊರಗಿನವರು ಬಂದು ಇಲ್ಲಿನ ಪದ್ಧತಿ ಕೆಡಿಸಬಾರದು."

ಮೈಸೂರಿನಲ್ಲಿ ಕೂಲರೇ ಇಲ್ಲ ಎಂದು ಹೇಳಬೇಕೆನಿಸಿತು. ಅಂದೇ ನನಗೊಂದು ನೋಟಿಸು ಬಂತು, ಉತ್ತರ ಕೊಟ್ಟೆ, ಎರಡೂ ನನ್ನ ಸೇವಾ ದಾಖಲೆಯಲ್ಲಿ ಕೂತಿವೆ. ಬಡೇಬಾಬು ಆ ದಿನವೆಲ್ಲ ನನ್ನ ಮುಖ ನೋಡಲಿಲ್ಲ. ಸಂಜೆ ಹೋಗುವಾಗ ಮಾತ್ರ ಪೆಟ್ಟಿಗೆಗಳನ್ನು ಹೊರಸಾಗಿಸಲು ತಾವೇ ಒಂದು ಕಡೆ ಹಿಡಿದರು. ಅಷ್ಟರಲ್ಲಿ ಮೋಡ ಕಟ್ಟಿತ್ತು, ಹೊರಗಿನ ಹವೆಗೆ ಹುಳುಗಳು ಸಾಯುವ ಕಾಲ ಮುಗಿದಿತ್ತು.

ದೆಹಲಿಯ ಉತ್ತರ ಜೋರು ಮಳೆಯ ಒಂದು ದಿನ, ಅರ್ಧ ನೆನೆದ ಲಕೋಟೆಯಲ್ಲಿ ಬಂತು. ವಿಶೇಷ ಪ್ರಕರಣವೆಂದು ಪರಿಗಣಿಸಿ ಕೂಲರ್ ಮಂಜೂರು ಮಾಡಲಾಗಿದೆ, ತಕ್ಷಣ ಕೊಂಡು ಬಿಲ್ಲು ಕಳಿಸತಕ್ಕದ್ದು. ಸುರಿಯುವ ಮಳೆಯಲ್ಲಿ ನಾಗಪುರದಲ್ಲಿ ಕೂಲರ್ ಕೊಂಡವಳು ನಾನೊಬ್ಬಳೇ ಇರಬೇಕು. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬಾಯಿ, ತಬಿಯತ್ ಠೀಕ್ ಹೈ ನಾ?" ಅಮ್ಮಾ, ಮೈ ಹುಷಾರಿದೆ ತಾನೇ ಎಂದು ಕೇಳಿದ.

ಉಮಾಳಿಗೆ ಗಂಡು ಮಗುವಾಯಿತು. ನಾಮಕರಣಕ್ಕಾದರೂ ಬರದಿದ್ದರೆ ನಮ್ಮಿಬ್ಬರ ನಡುವೆ ಮಾತು ಇರುವುದಿಲ್ಲ ಎಂದು ನನ್ನ ಗಂಡನ ಮೂಲಕ ಹೇಳಿಸಿದ್ದಳು. ಜೋಯಿಸರು ದಿನ ಇಟ್ಟರು. ಇತ್ತ ಕನ್ಹಾನ್ ಕಡೆಯ ತೋಟಗಳಲ್ಲಿ ಹೊಸ ಚಿಗುರು ಬಂದಿತ್ತು, ಎಲೆ ಬಲಿಯುವ ಮೊದಲು ಹುಳು ಬಿಡಬೇಕು. ನನಗಾಗಿ ಬೋರ್ಕರ್ ಮೇಡಂ ಎರಡು ದಿನ ತಡೆದರು, ಅದಕ್ಕಿಂತ ತಡೆಯುವಂತಿರಲಿಲ್ಲ. ಹಾಗಾಗಿ ಸುಷಮಾ ತನ್ನ ಮಾವನ ತೋಟದಲ್ಲಿ ಪೆಟ್ಟಿಗೆಗಳ ಜಾಳಿಗೆ ಬಿಚ್ಚಿದ ದಿನ ನಾನು ಮೈಸೂರಿನಲ್ಲಿ, ತೊಟ್ಟಿಲ ಪಕ್ಕದಲ್ಲಿ ಕೂತಿದ್ದೆ.

ಮೈಸೂರಿನಲ್ಲಿ ಜಿನುಗು ಮಳೆ, ತಣ್ಣನೆಯ ಗಾಳಿ. ಎರಡು ಪುಟ ಬರೆದು ದೆಹಲಿಗೆ ವರ್ಣಿಸಿದ್ದ ಅದೇ ಗಾಳಿ. ನನಗೆ ಚಳಿಯಾಗಿ ಶಾಲು ಹೊದ್ದೆ, ಎಲ್ಲರೂ ನಕ್ಕರು. ಉಮಾ ಮಗುವನ್ನು ನನ್ನ ಮಡಿಲಿಗೆ ಹಾಕಿ, ಒದ್ದೆ ಬಟ್ಟೆ ಬದಲಿಸುತ್ತಾ, ಮುಖ ನೋಡದೆ ಕೇಳಿದಳು:

"ಸೀಮಂತಕ್ಕೆ ಯಾಕೆ ಬರಲಿಲ್ಲ ಅಕ್ಕ?"

ಅವಳಿಗೆ ಉತ್ತರ ಗೊತ್ತಿತ್ತು. ಆದರೂ ನನ್ನ ಬಾಯಿಂದ ಕೇಳಬೇಕಿತ್ತು. "ಊರಲ್ಲಿ ಕೆಲಸ ಇತ್ತು ಕಣೇ" ಎಂದೆ. ಅವಳು ತಲೆಯೆತ್ತಿ, "ಯಾವ ಊರಲ್ಲಿ?" ಎಂದಳು. ಮಗು ಅಳತೊಡಗಿತು, ನಾನು ಎತ್ತಿಕೊಂಡು ಎದ್ದೆ. ಅಷ್ಟು ಹೊತ್ತಿಗೆ ಅಲ್ಲಿ ಜಾಳಿಗೆ ಬಿಚ್ಚಿರಬೇಕು, ಹುಳುಗಳು ಕೊಂಬೆ ಹತ್ತಿರಬೇಕು ಎಂದು ನನ್ನ ತಲೆಯಲ್ಲಿ ಓಡುತ್ತಿತ್ತು.

ನಾಗಪುರಕ್ಕೆ ಮರಳಿದ ಮೇಲೆ ಕಚೇರಿಗೆ ಕಾಲಿಡುತ್ತಿದ್ದಂತೆ ಸುಷಮಾ ಓಡಿ ಬಂದಳು. ಕೈಯಲ್ಲಿ ಹೊಸ ಚಿಗುರಿನ ಒಂದು ಕಿತ್ತಳೆ ಎಲೆ, ಹಸಿರಾಗಿ ತೊಳೆದಿಟ್ಟಂತೆ ಇತ್ತು. ಮಾವ ಅಂದು ತೋಟಕ್ಕೆ ಬಂದವರಿಗೆಲ್ಲ ಪೇಡಾ ಹಂಚಿದನಂತೆ, ನನ್ನ ಪಾಲಿನದನ್ನು ಕಾಗದದಲ್ಲಿ ಸುತ್ತಿಟ್ಟಿದ್ದಳು, ಅದು ಗಟ್ಟಿಯಾಗಿತ್ತು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ಕೊನೆಗೆ ಮುಖ ಸಣ್ಣ ಮಾಡಿಕೊಂಡು ಕೇಳಿದಳು:

"ಎಲ್ಲರೂ ಇದ್ದರು ತಾಯಿ. ನೀವೇ ಇರಲಿಲ್ಲ. ಯಾಕೆ ಬರಲಿಲ್ಲ?"

"ಊರಲ್ಲಿ ಕೆಲಸ ಇತ್ತು" ಎಂದೆ.